ಶೀಶೆಗಳಿಲ್ಲದ ಐದು ಮಂಗಳವಾರ

ಆಯ್ಕೆ ಸಮಿತಿಯ ಪತ್ರವನ್ನು ನಮ್ಮ ಕಚೇರಿ ಅಧೀಕ್ಷಕರು ನನ್ನ ಮೇಜಿನ ಮೇಲೆ ಇಟ್ಟರು. ಅದರ ಮೇಲೆಯೇ ಒಂದು ಕಾಗದದ ತುಂಡಿನಲ್ಲಿ ಕುಂದಾ ಇಟ್ಟರು. ನಾನು ಎತ್ತಿಕೊಳ್ಳುವಷ್ಟರಲ್ಲಿ ಮೊದಲ ಪ್ಯಾರಾಕ್ಕೆ ತುಪ್ಪ ಹತ್ತಿತ್ತು.

"ಬಾಯಿ ಸಿಹಿ ಮಾಡ್ಕೋರಿ ಮೇಡಂ. ಸಾಹೇಬ್ರದು ಆತು ಅಂತ ತಿಳೀರಿ. ಇನ್ನ ಕಾಗದದ ಕೆಲಸಷ್ಟ ಉಳದೈತಿ."

ಸಾಹೇಬರು ಎಂದರೆ, ಬೆಳಗಾವಿ ಹೊರಗಿನ ಮಚ್ಛೆಯ ಕಾರ್ಖಾನೆಗಳ ಹಿಂದಿರುವ ನಮ್ಮ ಸಂಶೋಧನಾ ಕೇಂದ್ರದ ನಿರ್ದೇಶಕರು. ಕಾಡಂಚಿನ ಊರುಗಳ ಜ್ವರಗಳು, ಅವನ್ನು ಹರಡುವ ಉಣ್ಣಿಗಳು ಅವರ ವಿಷಯ. ಓದುವಾಗ ಪುಸ್ತಕದ ಅಡಿಟಿಪ್ಪಣಿಗಳಲ್ಲಿ ಅವರ ಹೆಸರು ನೋಡಿಯೇ ನಾನು ಈ ಕೆಲಸಕ್ಕೆ ಅರ್ಜಿ ಹಾಕಿದ್ದೆ. ರಾಜ್ಯ ಸರ್ಕಾರದ ಮುಖ್ಯ ವೈಜ್ಞಾನಿಕ ಸಲಹೆಗಾರರ ಹುದ್ದೆಗೆ ಕೊನೆಯಲ್ಲಿ ಅವರ ಹೆಸರೊಂದೇ ಉಳಿದಿದೆ ಎಂದು ಪತ್ರಿಕೆಯಲ್ಲಿ ಬಂದ ಮೇಲೆ ಕೇಂದ್ರಕ್ಕೆ ಹಾರ ತರುವವರ ಸಾಲು ಮುಗಿಯುತ್ತಲೇ ಇರಲಿಲ್ಲ.

ಪತ್ರದಲ್ಲಿ ಇದ್ದದ್ದು ಸರಳ. ಅಭ್ಯರ್ಥಿಯ ಐದು ಮುಖ್ಯ ಸಂಶೋಧನೆಗಳ ಮೂಲ ದಾಖಲೆಗಳನ್ನು ಮುದ್ರಿತ ಲೇಖನಗಳೊಂದಿಗೆ ತಾಳೆ ನೋಡಬೇಕು. ನೋಡುವವರು ಆ ಲೇಖನಗಳ ಸಹಲೇಖಕರಾಗಿರಬಾರದು. ತಾಳೆಪತ್ರವನ್ನು ಅವರೇ ಲಕೋಟೆಯಲ್ಲಿ ಮುಚ್ಚಿ ಸಮಿತಿಗೆ ನೇರವಾಗಿ ಕಳಿಸಬೇಕು. ಹತ್ತು ದಿನದ ಗಡುವು. ಕೇಂದ್ರದಲ್ಲಿ ಆ ಐದರಲ್ಲಿ ಯಾವುದರಲ್ಲೂ ಹೆಸರು ಇಲ್ಲದ ಏಕೈಕ ಸಂಶೋಧನಾ ಸಹಾಯಕಿ ನಾನು. ಐದನೆಯದಕ್ಕೆ ನಾನು ಕೆಲಸ ಮಾಡಿದ್ದೆ. ಹೆಸರು ಮಾತ್ರ ಹಾಕಿರಲಿಲ್ಲ. ಆಗ ಸೇರಿ ಒಂದೇ ತಿಂಗಳಾಗಿತ್ತು, ಕೇಳುವ ಧೈರ್ಯವೂ ಇರಲಿಲ್ಲ. ಹೀಗೆ, ಒಂದು ಅನ್ಯಾಯದಿಂದಾಗಿ ನಾನು ಅರ್ಹಳಾದೆ.

ಮೊದಲ ನಾಲ್ಕು ಸಂಶೋಧನೆಗಳು ಪ್ರಯೋಗಾಲಯದವು. ಅವಕ್ಕೆ ಐದು ದಿನ ಹಿಡಿಯಿತು. ಹಳೆಯ ವಹಿಗಳು ಅಚ್ಚುಕಟ್ಟಾಗಿದ್ದವು. ಒಂದೊಂದು ಸಂಖ್ಯೆಗೂ ಪುಟವಿತ್ತು, ಪುಟಕ್ಕೆ ದಿನಾಂಕವಿತ್ತು. ತಪ್ಪಿದ್ದಲ್ಲಿ ಅಳಿಸದೆ ಒಂದೇ ಗೀಟು ಎಳೆದು ಪಕ್ಕದಲ್ಲಿ ಸಹಿ ಮಾಡಿದ್ದರು. ಆ ವಹಿಗಳನ್ನು ನೋಡುತ್ತ ನನಗೆ ಅವರ ಮೇಲೆ ಇದ್ದ ಗೌರವ ಹೆಚ್ಚಿತ್ತು. ಇದನ್ನು ಬರೆದಿಡಬೇಕು. ಅವರು ಒಂದು ಕಾಲದಲ್ಲಿ ಹಾಗೆಯೇ ಕೆಲಸ ಮಾಡಿದ್ದರು.

ಐದನೆಯದು ಎಣ್ಣೆಯದು. ಖಾನಾಪುರ ತಾಲ್ಲೂಕಿನಲ್ಲಿ, ಗುಂಜಿಯಿಂದ ಒಳಗೆ ಕಾಡಿಗೆ ತಾಗಿದ ಒಂದು ವಾಡಿಯಲ್ಲಿ, ಎಂದರೆ ಪುಟ್ಟ ಹಳ್ಳಿಯಲ್ಲಿ, ನಡೆದ ಪ್ರಯೋಗ. ಮಳೆಗಾಲದಲ್ಲಿ ಬೆಳೆದ ಉಣ್ಣಿಗಳು ಮೇಯಲು ಹೋದ ದನಗಳ ಮೈಗೆ ಕಚ್ಚಿಕೊಂಡು ಊರೊಳಗೆ ಬರುತ್ತವೆ. ದನದ ಮೈಗೆ ಒಂದು ಬಗೆಯ ಗಿಡದೆಣ್ಣೆ ಹಚ್ಚಿದರೆ ಹೀಗೆ ಬರುವ ಉಣ್ಣಿ ಗಣನೀಯವಾಗಿ ಕಡಿಮೆಯಾಗುತ್ತದೆ ಎಂಬುದು ಲೇಖನದ ತೀರ್ಮಾನ. ಅಗ್ಗದ ಉಪಾಯ, ಊರವರೇ ಮಾಡಿಕೊಳ್ಳಬಹುದಾದದ್ದು. ಸಾಹೇಬರ ಹೆಸರು ಪ್ರಯೋಗಾಲಯದ ಹೊರಗೆ ಹಬ್ಬಿದ್ದೇ ಇದರಿಂದ. ಸಲಹೆಗಾರರಾದರೆ ಅವರು ಮೊದಲು ಮಾಡುವ ಕೆಲಸ ಈ ಎಣ್ಣೆಯನ್ನು ಕಾಡಂಚಿನ ಎಲ್ಲ ತಾಲ್ಲೂಕುಗಳಿಗೂ ಕೊಡಿಸುವುದು ಎಂದು ಪತ್ರಿಕೆಯವರು ಬರೆದಿದ್ದರು.

ಎಣಿಕೆಯ ವಿಧಾನ ಹೀಗೆ. ಎರಡು ಹಿಂಡು. ಒಂದಕ್ಕೆ ಪ್ರತಿ ಸೋಮವಾರ ಎಣ್ಣೆ ಹಚ್ಚುವುದು, ಇನ್ನೊಂದಕ್ಕೆ ಇಲ್ಲ. ಮಂಗಳವಾರ ಎರಡನ್ನೂ ಕಾಡಿಗೆ ಬಿಟ್ಟು, ಸಂಜೆ ಮರಳಿದ ಮೇಲೆ ಪ್ರತಿ ದನದ ಒಂದು ಮಗ್ಗುಲನ್ನು ನೋಡುವುದು: ಕಿವಿಯ ಒಳಗೆ, ಕೊರಳಡಿಯ ಗಂಗೆದೊಗಲಿನ ಮಡಿಕೆಯಲ್ಲಿ, ಕೆಚ್ಚಲ ಬಳಿ, ಬಾಲದ ಬುಡದಲ್ಲಿ. ಸಿಕ್ಕ ಉಣ್ಣಿಗಳನ್ನು ಚಿಮಟದಿಂದ ಕಿತ್ತು ಸ್ಪಿರಿಟ್ ತುಂಬಿದ ಪುಟ್ಟ ಶೀಶೆಗೆ ಹಾಕಿ, ದನದ ಗುರುತು ಮತ್ತು ದಿನಾಂಕದ ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಶೀಶೆಯ ಒಳಗೇ ಇಳಿಬಿಡುವುದು. ಶಾಯಿಯಲ್ಲಿ ಬರೆದರೆ ಸ್ಪಿರಿಟ್ ಅದನ್ನು ತಿಂದುಬಿಡುತ್ತದೆ. ಎಷ್ಟು ಎಣಿಕೆಯೋ ಅಷ್ಟು ಶೀಶೆ. ಸೋಮವಾರ ಎಣ್ಣೆ, ಮಂಗಳವಾರ ಎಣಿಕೆ ಎಂಬ ವೇಳಾಪಟ್ಟಿ ಬೆಳಗಾವಿಯಲ್ಲಿ ಕೂತು ನಿಗದಿ ಮಾಡಿದ್ದು.

ನಾನು ಕಪಾಟು ತೆಗೆದು ಶೀಶೆಗಳನ್ನು ದಿನಾಂಕದ ಪ್ರಕಾರ ಟ್ರೇಗಳಲ್ಲಿ ಜೋಡಿಸಿದೆ. ಮುದ್ರಿತ ಕೋಷ್ಟಕವನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದಕ್ಕೂ ಗುರುತು ಹಾಕುತ್ತ ಹೋದೆ. ಐದು ಮಂಗಳವಾರಗಳಿಗೆ ಶೀಶೆಗಳಿರಲಿಲ್ಲ. ಎರಡೂ ಹಿಂಡಿನವು, ಒಂದರ ಹಿಂದೆ ಒಂದು ಬರುವ ಐದು ವಾರ. ಬೇರೆ ಕಪಾಟು ನೋಡಿದೆ. ಶೀಶೆಗಳ ನೋಂದಣಿ ವಹಿ ನೋಡಿದೆ. ಆ ವಾರಗಳಲ್ಲಿ ಖಾನಾಪುರದಿಂದ ಏನೂ ಬಂದ ದಾಖಲೆಯಿಲ್ಲ. ಕೈಬರಹದ ಫಾರ್ಮುಗಳ ಕಡತದಲ್ಲೂ ಆ ದಿನಾಂಕಗಳವು ಇಲ್ಲ. ಕೋಷ್ಟಕದಲ್ಲಿ ಮಾತ್ರ ಸಂಖ್ಯೆಗಳಿದ್ದವು.

ನನಗೆ ಮೊದಲು ಅನುಮಾನ ಬಂದದ್ದು ಆ ವಾಡಿಯಲ್ಲಿರುವ ನಮ್ಮ ಕ್ಷೇತ್ರ ಸಹಾಯಕರ ಮೇಲೆ. ದನ ಕಾಯುವ ಮನೆತನದವರು, ಹತ್ತು ವರ್ಷದಿಂದ ನಮ್ಮಲ್ಲಿ ತಾತ್ಕಾಲಿಕ ನೌಕರರು. ಮಳೆಗೆ ಬೇಸತ್ತು ಮನೆಯಲ್ಲಿ ಕೂತಿರಬೇಕು ಎಂದುಕೊಂಡೆ. ಆಮೇಲೆ ಎಣ್ಣೆ ಹಚ್ಚದ ಹಿಂಡಿನ ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿದೆ. ಪ್ರತಿಯೊಂದೂ ಮುಂಚಿನ ಎಣಿಕೆಗೂ ನಂತರದ ಎಣಿಕೆಗೂ ಮಧ್ಯೆ ಏಣಿಯ ಮೆಟ್ಟಿಲಿನ ಹಾಗೆ ಸಮನಾಗಿ ಕೂತಿತ್ತು. ಆ ಮೆಟ್ಟಿಲು ಮಾಡಿದವಳು ನಾನೇ.

ಸೇರಿದ ಮೊದಲ ತಿಂಗಳು. ಕೆಲವು ಚೌಕಗಳು ಖಾಲಿಯಿದ್ದ ಹಾಳೆಯೊಂದನ್ನು ಸಾಹೇಬರು ಕೊಟ್ಟು, ಹಿಂದುಮುಂದಿನ ಎಣಿಕೆ ಹಿಡಿದು ನಡುವಿನದನ್ನು ತುಂಬು ಎಂದಿದ್ದರು. ಹಾಗೆ ತುಂಬುವುದು ತಪ್ಪಲ್ಲ, ಇದು ಲೆಕ್ಕ ಹಾಕಿದ್ದು, ಎಣಿಸಿದ್ದಲ್ಲ ಎಂದು ಗುರುತು ಹಾಕಿದರೆ. ನಾನು ಪ್ರತಿ ಸಂಖ್ಯೆಯ ಮೇಲೆ ನಕ್ಷತ್ರ ಹಾಕಿ, ಕೆಳಗೆ ಟಿಪ್ಪಣಿ ಬರೆದು ಕಳಿಸಿದ್ದೆ. ಹಳೆಯ ಮೇಲ್‌ಗಳಲ್ಲಿ ಹುಡುಕಿದೆ. ಹಾಳೆ ಇತ್ತು, ನಕ್ಷತ್ರಗಳೂ ಇದ್ದವು. ಮುದ್ರಿತ ಕೋಷ್ಟಕದಲ್ಲಿ ನಕ್ಷತ್ರ ಇರಲಿಲ್ಲ, ಟಿಪ್ಪಣಿಯೂ ಇರಲಿಲ್ಲ. ಇನ್ನೊಂದು ವ್ಯತ್ಯಾಸವಿತ್ತು. ಎಣ್ಣೆ ಹಚ್ಚಿದ ಹಿಂಡಿಗೆ ನಾನು ತುಂಬಿದ್ದ ಸಂಖ್ಯೆಗಳನ್ನು ತೆಗೆದು, ಅದಕ್ಕಿಂತ ತುಂಬ ಕಡಿಮೆಯವನ್ನು ಹಾಕಲಾಗಿತ್ತು. ಆ ಐದು ವಾರಗಳನ್ನು ಬಿಟ್ಟು ನೋಡಿದರೆ ಎರಡೂ ಹಿಂಡಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಉಳಿಯುತ್ತಿರಲಿಲ್ಲ. ಇಡೀ ತೀರ್ಮಾನ ಆ ಐದು ದಿನಗಳ ಮೇಲೆ ನಿಂತಿತ್ತು. ಲೇಖನ ಬಂದಾಗ ನಾನು ಅದನ್ನು ತೆರೆದು ನೋಡಿರಲಿಲ್ಲ. ಹೆಸರಿಲ್ಲದ ಸಿಟ್ಟಿಗೆ ಓದದೆ ಬಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಸಾಹೇಬರ ಕೋಣೆಗೆ ಹೋದೆ. ಮೇಜಿನ ಮೇಲೆ ಹಾರಗಳ ರಾಶಿ. ಹಿಂದಿನ ದಿನದ ಹೂವು ಬಾಡಿ ವಾಸನೆ ಬರುತ್ತಿತ್ತು.

"ಬಾರವಾ, ಕುಂದರು. ಮುಖ ಯಾಕ ಸಪ್ಪಗ ಮಾಡೀದಿ?"

ಎರಡು ಹಾಳೆಗಳನ್ನೂ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಸಾವಕಾಶ ನೋಡಿದರು. ಸಿಟ್ಟಾಗುತ್ತಾರೆ ಅಥವಾ ಗಾಬರಿಯಾಗುತ್ತಾರೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ.

"ಹೌದು, ಚುಕ್ಕಿ ಹಾಕಿದ್ದಿ. ನೆನಪೈತಿ. ಚುಕ್ಕಿ ಕಂಡ್ರ ಜರ್ನಲ್ಲಿನವರು ಹತ್ತು ಪ್ರಶ್ನೆ ಕೇಳ್ತಾರ. ಅದಕ್ಕ ತಗದೆ."

"ಎಣ್ಣೆ ಹಚ್ಚಿದ ಹಿಂಡಿನ ಸಂಖ್ಯೆ ನಾನು ಹಾಕಿದ್ದಲ್ಲ ಸರ್."

"ಅದು ನನ್ನ ಅಂದಾಜು."

"ಎಣಿಕೆ ಇಲ್ಲದೆ?"

"ಮೂವತ್ತು ವರ್ಷ ಉಣ್ಣಿ ನೋಡಿದ ಕಣ್ಣವಾ ಇದು. ನಿನ್ನ ಸರಾಸರಿಗಿಂತ ನನ್ನ ಅಂದಾಜು ಖರೇಕ್ಕ ಹತ್ರ ಇರ್ತೈತಿ." ಹಾಳೆಗಳನ್ನು ಮಡಚಿ ನನಗೇ ಕೊಟ್ಟರು. "ತಾಳೆ ನೋಡಿದ್ದು ಚಲೋ ಆತು. ನೀ ಭಾಳ ಕಟ್ಟುನಿಟ್ಟು. ಇಂಥಾ ಹುಡುಗ್ಯಾರು ಬೇಕು. ಶೀಶೆದ್ದು ಏನರ ವ್ಯವಸ್ಥಾ ಮಾಡೂಣು, ಹೋಗು."

ಅಷ್ಟರಲ್ಲಿ ಇನ್ನೊಂದು ಹಾರ ಒಳಗೆ ಬಂತು. ಅವರು ಎದ್ದು ತಲೆ ಬಗ್ಗಿಸಿದರು. ನಾನು ಹೊರಬಂದು ಮುಖ ತೊಳೆದುಕೊಂಡೆ. ನಾಲ್ಕು ವಹಿಗಳಲ್ಲಿ ಒಂದೊಂದು ತಪ್ಪಿಗೂ ಪಕ್ಕದಲ್ಲಿ ಸಹಿ ಮಾಡಿದ್ದ ಮನುಷ್ಯ ಇವರೇ.

ವ್ಯವಸ್ಥೆ ಏನೆಂದು ಸಂಜೆಗೆ ತಿಳಿಯಿತು. ಅಧೀಕ್ಷಕರು ಟೈಪು ಮಾಡಿದ ಒಂದು ಹಾಳೆ ತಂದರು. ಕ್ಷೇತ್ರ ಸಹಾಯಕರ ಹೆಸರಿನಲ್ಲಿ ಬರೆದ ಹೇಳಿಕೆ. 'ಸದರಿ ಐದು ಮಂಗಳವಾರಗಳಂದು ನಾನು ನಿಯಮದಂತೆ ದನಗಳನ್ನು ಕಾಡಿಗೆ ಬಿಟ್ಟು, ಸಂಜೆ ಎಣಿಕೆ ಮಾಡಿ, ಸಂಖ್ಯೆಗಳನ್ನು ಫೋನಿನಲ್ಲಿ ಕಚೇರಿಗೆ ತಿಳಿಸಿರುತ್ತೇನೆ. ಶೀಶೆಗಳು ಮತ್ತು ಫಾರ್ಮುಗಳು ನನ್ನ ಅಜಾಗರೂಕತೆಯಿಂದ ನಾಶವಾಗಿರುತ್ತವೆ. ಇದಕ್ಕೆ ನಾನೇ ಹೊಣೆಗಾರ.' ಕೆಳಗೆ ಸಹಿಗೆ ಜಾಗ.

"ಹೆಂಗೈತ್ರಿ?" ಅಧೀಕ್ಷಕರು ಕೇಳಿದರು. ತಾವೇ ಬರೆದದ್ದು ಎಂಬ ಹಿಗ್ಗು ಮುಖದಲ್ಲಿತ್ತು. "ನಂಬರು ಹಂಗ ಉಳೀತಾವ. ಶೀಶೆ ಅಷ್ಟ ಹೋಗ್ತಾವ. ನೀವು ಖಾನಾಪುರಕ್ಕ ಹೋಗಿ ಒಂದ ಸಹಿ ತಗೊಂಡ ಬರ್ರಿ. ನಿಮ್ಮ ಮಾತು ಕೇಳ್ತಾನ ಅವ."

"ಅವರು ಒಪ್ಪದಿದ್ದರೆ?"

"ಅವನ ಕಾಯಂ ಫೈಲು ನನ್ನ ಕಪಾಟಿನ್ಯಾಗ ಐತ್ರಿ ಮೇಡಂ. ಸಹಿ ಬಂತಂದ್ರ ಮ್ಯಾಲ ಹೊಕ್ಕೈತಿ. ಬರಲಿಲ್ಲಂದ್ರ ಮುಂದಿನ ತಿಂಗಳ ಅವನ ಗುತ್ತಿಗಿನೂ ಮುಗೀತೈತಿ. ಅವಗೂ ಸಂಸಾರ ಐತಿ. ತಿಳಿಸಿ ಹೇಳ್ರಿ." ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ಕಡೆಗೆ ಸರಿಸಿ, ಹಾಳೆಯನ್ನು ಕವರಿಗೆ ಹಾಕಿ ಕೊಟ್ಟರು.

ಒಲ್ಲೆ ಅನ್ನಬಹುದಿತ್ತು. ಅನ್ನಲಿಲ್ಲ. ಆ ದಿನಗಳಲ್ಲಿ ಏನಾಯಿತೆಂದು ಅವರನ್ನೇ ಕೇಳಿಬರುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಕವರು ಮಾತ್ರ ನನ್ನ ಚೀಲದಲ್ಲಿತ್ತು.

ಬೆಳಗಿನ ಪ್ಯಾಸೆಂಜರ್ ಹಿಡಿದೆ. ದೇಸೂರಿನಲ್ಲಿ ಹಾಲಿನ ಕ್ಯಾನುಗಳನ್ನು ಇಳಿಸಿ ಹತ್ತಿಸುವವರೆಗೆ ರೈಲು ನಿಂತಿತ್ತು. ಖಾನಾಪುರದಲ್ಲಿ ಅರ್ಧ ಡಬ್ಬಿ ಖಾಲಿಯಾಯಿತು. ಮಳೆ ನಿಂತು ಗದ್ದೆಗಳು ಹಳದಿಗೆ ತಿರುಗುತ್ತಿದ್ದವು. ಗುಂಜಿಯಲ್ಲಿ ಕ್ಷೇತ್ರ ಸಹಾಯಕರು ಬೈಕು ತಂದು ನಿಂತಿದ್ದರು. ನಲವತ್ತರ ಆಚೀಚಿನ ವಯಸ್ಸು, ಕಡಿಮೆ ಮಾತು. ನಾನು ಹೊಸಬಳಾಗಿದ್ದಾಗ ದನದ ಕಿವಿ ಹಿಡಿಯುವುದನ್ನು ಕಲಿಸಿದವರು ಅವರೇ. ಹಿಂಡಿದರೆ ದನ ಕೊಸರುತ್ತದೆ, ಕಿವಿಯ ಬುಡದಲ್ಲಿ ತುರಿಸುತ್ತ ಹಿಡಿದರೆ ತಾನೇ ತಲೆ ಬಗ್ಗಿಸುತ್ತದೆ.

ಅವರ ಹೆಂಡತಿ ಅಂಗಳದಲ್ಲಿ ಎಮ್ಮೆಯ ಕರುವನ್ನು ತೊಡೆಗೆ ಒತ್ತಿ ಹಿಡಿದು ಉಣ್ಣಿ ಕೀಳುತ್ತಿದ್ದರು. ಕಿತ್ತದ್ದನ್ನು ಸೀಮೆಎಣ್ಣೆ ಹಾಕಿದ ಡಬ್ಬಿಗೆ ಹಾಕುತ್ತಿದ್ದರು. ಹುಣಸೆ ಬೀಜದಷ್ಟು ಊದಿದ ಬೂದು ಉಣ್ಣಿಗಳು ಡಬ್ಬಿಯ ತಳದಲ್ಲಿ ಕಾಲಾಡಿಸುತ್ತಿದ್ದವು. ಕರುವಿನ ಮೈ ಎಣ್ಣೆಯಿಂದ ಮಿರುಗುತ್ತಿತ್ತು. ನಮ್ಮ ಎಣ್ಣೆಯದೇ ಕಹಿ ವಾಸನೆ.

"ಎಣ್ಣೆ ಹಚ್ಚೀರಲ್ಲ?" ಎಂದು ಕೇಳಿದೆ.

"ಹಚ್ಚೇನ್ರಿ ಬಾಯಾರ. ಎಣ್ಣಿ ಕುಡದು ಇನ್ನಷ್ಟ ದಪ್ಪ ಆಗ್ಯಾವ."

"ಸುಮ್ನಿರು," ಎಂದರು ಗಂಡ.

"ಯಾಕ್ ಸುಮ್ನಿರ್ಲಿ? ಕೇಳಿದ್ದಕ್ಕ ಹೇಳೇನಿ."

ಒಳಗೆ ಚಾಪೆ ಹಾಸಿದರು, ಚಹಾ ಬಂತು. ನಾನು ಕವರು ಕೊಟ್ಟೆ. ಅವರು ನಿಂತುಕೊಂಡೇ, ತುಟಿ ಅಲ್ಲಾಡಿಸುತ್ತ ಓದಿದರು. ಅಧೀಕ್ಷಕರು ಹೇಳಿಕಳಿಸಿದ್ದನ್ನೂ, ಕಾಯಂ ಫೈಲಿನದು, ಗುತ್ತಿಗೆಯದು, ಎಲ್ಲವನ್ನೂ ಬಚ್ಚಿಡದೆ ಹೇಳಿದೆ. ಹೇಳುವಾಗ ನನ್ನ ದನಿ ಅಧೀಕ್ಷಕರ ದನಿಯ ಹಾಗೆಯೇ ಕೇಳಿಸಿತು.

"ಸಾಹೇಬ್ರಿಗೆ ದೊಡ್ಡ ಹುದ್ದೆ ಬರತೈತಿ ಅಂದ್ರ ನಮಗೂ ಚಲೋನ ಅಲ್ರಿ," ಎಂದು ಅವರು ಅಂಗಿಯ ಕಿಸೆಯಿಂದ ಪೆನ್ನು ತೆಗೆದರು. ಅಷ್ಟು ಬೇಗ ತೆಗೆಯುತ್ತಾರೆ ಎಂದು ನಾನು ಎಣಿಸಿರಲಿಲ್ಲ. ಆಮೇಲೆ ಒಂದು ಸಾಲಿನ ಮೇಲೆ ಅವರ ಬೆರಳು ನಿಂತಿತು.

"ಅಕ್ಕಾರ, ಇದನ್ನ ಬರದವರು ಯಾರ್ರಿ?"

"ಆಫೀಸಿನಲ್ಲಿ ಬರೆದದ್ದು."

"ಶೀಶೆ ಒಡದೇನಿ ಅಂತ ಬರಕೊಡ್ತೀನ್ರಿ. ಬೇಕಾದ್ರ ತಲಿನೂ ಒಡಕೊಂಡೇನಿ ಅಂತ ಬರೀರಿ. ಆದ್ರ ದನಾ ಬಿಟ್ಟೆ ಅಂತ ಹೆಂಗ ಬರೀಲಿ? ಅವು ನಮ್ಮೂರಾಗ ವಾರ ಬಿಟ್ಟ ದಿನಾ."

ನನಗೆ ಅರ್ಥವಾಗಲಿಲ್ಲ. ಬೆಳಗಾವಿಯಲ್ಲಿ ಹುಟ್ಟಿ ಬೆಳೆದವಳು ನಾನು. ಅವರು ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ನಾಟಿ ಮುಗಿದ ಮೇಲೆ ಐದು ಮಂಗಳವಾರಗಳನ್ನು ಊರದೇವಿಗೆ ಬಿಡುತ್ತಾರೆ. ಹಿಂದಿನ ದಿನ ಡಂಗುರ ಹೊಡೆಯುತ್ತಾರೆ. ಆ ದಿನ ಯಾರೂ ಹೊಲಕ್ಕೆ ಹೋಗುವುದಿಲ್ಲ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಕುಡುಗೋಲು ಹಿಡಿಯುವುದಿಲ್ಲ. ದನ ಸೀಮೆ ದಾಟುವುದಿಲ್ಲ. ನೆಲಕ್ಕೆ ರಕ್ತದ ಹನಿ ಬೀಳಬಾರದು, ಆದ್ದರಿಂದ ಉಣ್ಣಿಯನ್ನೂ ಕೀಳುವುದಿಲ್ಲ. ಯಾರಾದರೂ ಮುರಿದರೆ ಆ ವರ್ಷ ಊರಲ್ಲಿ ಯಾವ ಮನೆಯ ಕರು ಸತ್ತರೂ, ಯಾರಿಗೆ ಜ್ವರ ಬಂದರೂ ಅದು ಮುರಿದವನ ಲೆಕ್ಕಕ್ಕೆ.

"ಇದಕ್ಕ ನಾ ಸಹಿ ಮಾಡಿದ್ರ ನಾಳೆ ನನ್ನ ಮನಿ ನೀರ ಯಾರೂ ಕುಡಿಯಂಗಿಲ್ರಿ. ಮತ್ತ ಇದು ಸುಳ್ಳು ಅಂತ ಹೇಳಾಕ ಒಬ್ಬರ ಬೇಕಂದ್ರ ಒಬ್ಬರಲ್ಲ, ಇಡೀ ವಾಡಿ ಐತಿ." ಸ್ವಲ್ಪ ನಕ್ಕರು. "ಸುಳ್ಳು ಬರಿಯೂ ಮುಂದ ನಮ್ಮನ್ನ ಒಂದ ಮಾತ ಕೇಳಬೇಕಿತ್ತು."

ಗೂಡಿನಿಂದ ಒಂದು ವಹಿ ತಂದರು. ಪ್ರತಿ ದಿನದ ಕೆಲಸವನ್ನು ಅದರಲ್ಲಿ ಬರೆದು, ಎಣಿಕೆಯಿದ್ದ ದಿನದ ಸಂಖ್ಯೆಗಳನ್ನು ಫಾರ್ಮಿಗೆ ಇಳಿಸಿ ಕಳಿಸುತ್ತಿದ್ದರು. ಆ ಐದು ದಿನಾಂಕಗಳಿಗೆ ಐದು ಸಲವೂ ಒಂದೇ ಮಾತು: 'ವಾರ ಬಿಟ್ಟೈತಿ. ದನ ಬಿಟ್ಟಿಲ್ಲ.' ಐದನೆಯದರ ಕೆಳಗೆ ಹಸಿರು ಶಾಯಿಯಲ್ಲಿ ಒಂದು ಸಹಿ. ಸಾಹೇಬರದು.

"ತಪಾಸಣಿಗೆ ಬಂದಿದ್ರು. ಇಲ್ಲೇ ಕುಂತು ರೊಟ್ಟಿ ತಿಂದ್ರು. ಓದಿದ್ರು. ಚಲೋ ಪದ್ಧತಿ, ದನಕ್ಕೂ ಒಂದ ಸೂಟಿ ಬೇಕು ಅಂದ್ರು."

ಬಹಳ ಹೊತ್ತು ನಾನು ಆ ಸಹಿಯನ್ನು ನೋಡಿದೆ. ಅಂದಾಜು ಎಂಬ ಮಾತು ಅಲ್ಲಿಗೆ ಸತ್ತಿತು. ಅಂದಾಜು ಮಾಡಲಿಕ್ಕೆ ಆ ದಿನ ಕಾಡಿಗೆ ಹೋದ ದನವೇ ಇರಲಿಲ್ಲ, ಮತ್ತು ಅದು ಅವರಿಗೆ ಗೊತ್ತಿತ್ತು.

"ಈ ವಹಿ ನನಗೆ ಕೊಡುತ್ತೀರಾ?" ಎಂದೆ.

ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದರು. ಕೈಗೆ ಇನ್ನೂ ಸೀಮೆಎಣ್ಣೆಯ ವಾಸನೆ. ಏನು ಬರೆದಿದೆ ಎಂದು ಗಂಡನನ್ನು ಮರಾಠಿಯಲ್ಲಿ ಕೇಳಿದರು, ಅವರು ಮರಾಠಿಯಲ್ಲೇ ಹೇಳಿದರು. ಆಮೇಲೆ ಆಕೆ ನನ್ನ ಕಡೆ ತಿರುಗಿದರು.

"ವಹಿ ಮನ್ಯಾಗ ಇರ್ತೈತ್ರಿ ಬಾಯಾರ. ಸಿಟ್ಟಾಗಬ್ಯಾಡ್ರಿ. ಆ ಹಾಳಿಗೆ ಸಹಿ ಮಾಡಿದ್ರ ಊರಾಗ ಇವರ ಹೆಸರು ಹೊಕ್ಕೈತಿ. ಈ ವಹಿ ಕೊಟ್ರ ಆಫೀಸಿನ್ಯಾಗ ಕೆಲಸ ಹೊಕ್ಕೈತಿ. ಎರಡೂ ಕಡೆ ಇವರ ಹೆಸರ ಐತಿ. ನಿಮ್ಮ ಸಾಹೇಬ್ರ ಸಹಿ ಐತಿ, ಆದ್ರ ಅವರ ಹೆಸರು ಎಲ್ಲೂ ಕೆಡೂದಿಲ್ಲ. ನಿಮ್ಮದೂ ಕೆಡೂದಿಲ್ಲ."

ಅವರು ಸಿಟ್ಟಿನಿಂದ ಹೇಳಲಿಲ್ಲ. ಗಂಡ ವಹಿಯನ್ನು ಗೂಡಿಗೆ ಇಟ್ಟರು. ನಾನು ಟೈಪು ಮಾಡಿದ ಹಾಳೆಯನ್ನು ಚೀಲಕ್ಕೆ ಹಾಕಿಕೊಂಡೆ. ಊಟ ಮಾಡಿಕೊಂಡು ಹೋಗಿ ಎಂದರು. ರೈಲಿಗೆ ಹೊತ್ತಾಯಿತು ಎಂದು ಸುಳ್ಳು ಹೇಳಿದೆ. ಗುಂಜಿಯ ನಿಲ್ದಾಣದಲ್ಲಿ ಎರಡು ತಾಸು ಕೂತಿದ್ದೆ.

ಅಲ್ಲಿ ಕೂತಾಗ ನನಗೆ ಅಸಹ್ಯವಾದದ್ದು ಸಾಹೇಬರ ಬಗ್ಗೆ ಮಾತ್ರ ಅಲ್ಲ. ನಾನು ಅವರಿಗಿಂತ ಬೇರೆ ಎಂದು ನಂಬಿಕೊಂಡು ರೈಲು ಹತ್ತಿದ್ದೆ. ಹೋಗಿ ಮಾಡಿದ್ದೇನು? ಮೊದಲು ಆ ಮನುಷ್ಯನ ಸಹಿ ಕೇಳಿದೆ, ಅದು ಸಿಗದಿದ್ದಾಗ ಅವರ ವಹಿ ಕೇಳಿದೆ. ಸತ್ಯ ಹೇಳಲಿಕ್ಕೂ ಸುಳ್ಳು ಹೇಳಲಿಕ್ಕೂ ನಮಗೆ ಒಬ್ಬ ತಾತ್ಕಾಲಿಕ ನೌಕರನೇ ಬೇಕಾಗಿದ್ದ. ಅವರ ಹೆಸರಿಲ್ಲದೆ ಹೇಳಬಹುದಾದ ಸತ್ಯ ಎಷ್ಟಿದೆ ಎಂದು ಲೆಕ್ಕ ಹಾಕಿದೆ. ಸಾಕಷ್ಟಿತ್ತು. ಅದೆಲ್ಲ ನನ್ನ ಹೆಸರಿನಲ್ಲಿತ್ತು.

ಮರುದಿನ ತಾಳೆಪತ್ರ ಬರೆದೆ. ನಾಲ್ಕು ಸಂಶೋಧನೆಗಳು ಮೂಲದೊಂದಿಗೆ ತಾಳೆಯಾಗುತ್ತವೆ. ಐದನೆಯದರಲ್ಲಿ ಐದು ಮಂಗಳವಾರಗಳ ಸಂಖ್ಯೆಗಳು ಎಣಿಕೆಯಿಂದ ಬಂದವಲ್ಲ. ಎಣ್ಣೆ ಹಚ್ಚದ ಹಿಂಡಿನವು ನಾನು ಲೆಕ್ಕ ಹಾಕಿ ತುಂಬಿದವು. ಗುರುತು ಹಾಕಿ ಕೊಟ್ಟಿದ್ದೆ, ಮುದ್ರಣದಲ್ಲಿ ಗುರುತು ಇಲ್ಲ. ಎಣ್ಣೆ ಹಚ್ಚಿದ ಹಿಂಡಿನವು ನಾನು ಕೊಟ್ಟವೂ ಅಲ್ಲ. ಕೇಳಿದಾಗ ನಿರ್ದೇಶಕರು ಅವು ತಮ್ಮ ಅಂದಾಜು ಎಂದರು. ಆ ದಿನಗಳ ಶೀಶೆಗಳು ಒಡೆದಿಲ್ಲ, ಕಳೆದಿಲ್ಲ. ಅವು ಇರಲೇ ಇಲ್ಲ. ಈ ಐದು ದಿನಗಳನ್ನು ಬಿಟ್ಟರೆ ಲೇಖನದ ತೀರ್ಮಾನ ನಿಲ್ಲುವುದಿಲ್ಲ. ಇದನ್ನು ಆಗಲೇ ನೋಡದಿದ್ದದ್ದು ನನ್ನ ತಪ್ಪು. ಜೊತೆಗೆ ನಕ್ಷತ್ರವಿದ್ದ ಹಾಳೆ, ಅದನ್ನು ಕಳಿಸಿದ ಮೇಲ್‌ನ ಪ್ರತಿ. ಕ್ಷೇತ್ರ ಸಹಾಯಕರ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಸಹಿ ಮಾಡಿ, ಲಕೋಟೆ ಮುಚ್ಚಿ, ಮುಖ್ಯ ಅಂಚೆ ಕಚೇರಿಗೆ ಹೋಗಿ ನಾನೇ ಕಳಿಸಿದೆ. ಒಂದು ಪ್ರತಿಯನ್ನು ಅಧೀಕ್ಷಕರಿಗೆ ಕೊಟ್ಟೆ. ಟೈಪು ಮಾಡಿದ ಹೇಳಿಕೆಯನ್ನು ಸಹಿಯಿಲ್ಲದೆ ಮರಳಿಸಿದೆ.

ಅವರು ನಿಂತಲ್ಲೇ ಓದಿದರು. "ನಿಮ್ಮ ಕಾಲ ಮ್ಯಾಲ ನೀವ ಕಲ್ಲ ಹಾಕ್ಕೊಂಡ್ರಲ್ರಿ," ಎಂದರು. ಆಮೇಲೆ ಎರಡು ವಾರ ನನ್ನೊಂದಿಗೆ ಮಾತಾಡಲಿಲ್ಲ. ಸಾಹೇಬರು ಎಂದಿನಂತೆ ನಮಸ್ಕಾರಕ್ಕೆ ನಮಸ್ಕಾರ ಹೇಳುತ್ತಿದ್ದರು.

ಮೂರನೆಯ ವಾರ ಆದೇಶ ಬಂತು. ಅವರು ಆಯ್ಕೆಯಾಗಿದ್ದರು.

ಸಮಿತಿ ನನ್ನ ಪತ್ರವನ್ನು ಓದಿರಲಿಲ್ಲ ಎಂದಲ್ಲ. ಓದಿ ವಿವರಣೆ ಕೇಳಿತ್ತು. ಸಾಹೇಬರು ಕೊಟ್ಟ ಉತ್ತರದ ಪ್ರತಿಯನ್ನು ಅಧೀಕ್ಷಕರು ನನಗೆ ತಾವಾಗಿಯೇ ತಂದು ತೋರಿಸಿದರು. ತಾಳೆ ನೋಡಲು ಕಿರಿಯ ಸಹಾಯಕಿಗೆ ಪೂರ್ಣ ಸ್ವಾತಂತ್ರ್ಯ ಕೊಟ್ಟದ್ದು ತಾವೇ. ತನ್ನ ಆರಂಭದ ದಿನಗಳ ಲೆಕ್ಕದ ದೋಷವನ್ನು ಆಕೆ ನಿರ್ಭಯವಾಗಿ ಒಪ್ಪಿಕೊಂಡಿರುವುದು ಕೇಂದ್ರದ ಸಂಸ್ಕೃತಿಗೆ ಸಾಕ್ಷಿ. ಲೇಖನ ಬಂದ ಸಂಶೋಧನಾ ಪತ್ರಿಕೆಗೆ ತಿದ್ದುಪಡಿ ಕಳಿಸಲಾಗುವುದು. ತೀರ್ಮಾನಕ್ಕೆ ಇದರಿಂದ ಬಾಧಕವಿಲ್ಲ. ಸಮಿತಿ ಇದನ್ನು ಮೆಚ್ಚುಗೆಯಿಂದ ದಾಖಲಿಸಿಕೊಂಡಿತ್ತು.

ಸನ್ಮಾನದ ಸಭೆ ಕೇಂದ್ರದ ಅಂಗಳದಲ್ಲೇ ನಡೆಯಿತು. ಭಾಷಣದ ನಡುವೆ ಅವರು ನನ್ನನ್ನು ವೇದಿಕೆಗೆ ಕರೆದರು. "ಇಂಥಾ ಮಕ್ಕಳನ್ನ ತಯಾರು ಮಾಡೇನಿ, ಇದ ನನ್ನ ಖರೇ ಸಂಶೋಧನಾ," ಎಂದು ತಮಗೆ ಹೊದಿಸಿದ್ದ ಶಾಲನ್ನು ತೆಗೆದು ನನಗೆ ಹೊದಿಸಿದರು. ಅದು ಅವರ ಬೆವರಿನಿಂದ ಬೆಚ್ಚಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ತಿರಸ್ಕರಿಸಿ ಇಳಿದುಬರುವ ಮಾತು ಆಮೇಲೆ ಹೊಳೆಯುವ ಮಾತು. ಆ ಕ್ಷಣದಲ್ಲಿ ನಾನು ಕೈ ಮುಗಿದೆ. ಇಳಿದು ಬಂದ ಮೇಲೆ ಶಾಲನ್ನು ಕುರ್ಚಿಯ ಮೇಲೆ ಬಿಟ್ಟು, ಹಿಂದಿನ ನಳದ ಹತ್ತಿರ ಹೋಗಿ ಕುತ್ತಿಗೆ ತೊಳೆದುಕೊಂಡೆ. ಎರಡು ಸಲ ತೊಳೆದರೂ ವಾಸನೆ ಹೋಗಲಿಲ್ಲ.

ತಿದ್ದುಪಡಿ ಕಳಿಸಿದ ಸುದ್ದಿ ನನಗೆ ಇದುವರೆಗೆ ತಿಳಿದಿಲ್ಲ. ನಾನೇ ಆ ಸಂಶೋಧನಾ ಪತ್ರಿಕೆಗೆ ಬರೆದೆ. ಪತ್ರ ತಲುಪಿದೆ ಎಂಬ ಉತ್ತರ ಬಂದಿದೆ, ಅಷ್ಟೆ. ನನ್ನ ಗುತ್ತಿಗೆ ಮುಗಿಯಲು ಇನ್ನೂ ತಿಂಗಳುಗಳಿವೆ. ಮುಂದುವರಿಸುವುದಿಲ್ಲ ಎಂದು ನಾನಾಗಿ ಬರೆದುಕೊಟ್ಟಿದ್ದೇನೆ.

ಕಳೆದ ವಾರ ಕ್ಷೇತ್ರ ಸಹಾಯಕರ ಫೋನು ಬಂತು. ಅವರ ಕಾಯಂ ಆದೇಶ ಬಂದಿತ್ತು. ಸಾಹೇಬರು ಹೊಸ ಹುದ್ದೆಗೆ ಹೊರಡುವ ಮುನ್ನ ಆ ಫೈಲಿಗೆ ತಾವೇ ಸಹಿ ಮಾಡಿ ಹೋಗಿದ್ದರು. ನನಗೆ ನಿಜವಾಗಿ ಸಂತೋಷವಾಯಿತು, ಹಾಗೆಂದು ಹೇಳಿದೆ. ಅವರ ದನಿಯಲ್ಲಿ ಮಾತ್ರ ಹಿಗ್ಗು ಇರಲಿಲ್ಲ.

"ಏನಾಯಿತು?"

"ಹುದ್ದೆ ಬ್ಯಾರೆ ಮಾಡ್ಯಾರ್ರಿ ಅಕ್ಕಾರ. ಇನ್ನ ಉಣ್ಣಿ ಎಣಿಸೂದಿಲ್ಲ. ತಾಲ್ಲೂಕಿಗೆಲ್ಲಾ ಎಣ್ಣಿ ಹಂಚೂದು. ನಿನ್ನೆ ಟೆಂಪೋದಾಗ ಡಬ್ಬಿ ಬಂದಾವು, ಮನಿ ಮುಂದ ಇಳಿಸ್ಯಾರ. ಮಂದಿ ಬಂದ ನಿಂತಾರ. ಇದನ್ನ ಹಚ್ಚಿದ್ರ ಅಂಜಿಕಿಲ್ಲದ ಕಾಡಿಗೆ ಹೋಗಬೌದೇನು ಅಂತ ಕೇಳ್ತಾರ. ಏನ್ ಹೇಳಲಿ?"

ನಾನು ಯೋಚಿಸಿ ಹೇಳಿದೆ: "ಎಣ್ಣೆ ಹಚ್ಚಿದರೂ ಸಂಜೆ ಬಂದ ಮೇಲೆ ದನದ ಮೈ ನೋಡಿರಿ, ನಿಮ್ಮ ಮೈಯನ್ನೂ ನೋಡಿಕೊಳ್ಳಿರಿ, ಉಣ್ಣಿ ಕಂಡರೆ ಕೂಡಲೇ ತೆಗೆಯಿರಿ ಅಂತ ಹೇಳಿ."

ಅವರು ಅದನ್ನು ಹಿಂದೆ ನಿಂತಿದ್ದ ಯಾರಿಗೋ ಮರಾಠಿಯಲ್ಲಿ ಹೇಳಿದರು. ಆ ಕಡೆ ಹೆಂಗಸೊಬ್ಬರು ಏನೋ ಕೇಳಿದ್ದು, ಮಂದಿ ನಕ್ಕದ್ದು ಕೇಳಿಸಿತು.

"ಏನಂತೆ?" ಎಂದೆ.

"ಇಲ್ಲೊಬ್ಬ ಅಜ್ಜಿ ಕೇಳಾಕತ್ತಾಳ್ರಿ," ಎಂದರು ಅವರು. ಅವರು ಮಾತ್ರ ನಗುತ್ತಿರಲಿಲ್ಲ. "ಇದನ್ನ ಹೇಳಾಕ ಎಣ್ಣಿ ಯಾಕ ಬೇಕು ಅಂತ."